‘ಟೇಕ್ ಕೇರ್’ ಎಂದರೆ ಏನೇನು? ಅರ್ಥ ಬಿಡಿಸಿ, ತಕ್ಕ ಪದ ಆರಿಸುವ ಸಮಗ್ರ ಮಾರ್ಗದರ್ಶಿ

ಅಕ್ಕನ ಮಗಳು ಕೆಲಸಕ್ಕೆ ಸೇರಿ ಎರಡನೇ ವಾರ. ಮೇಲಧಿಕಾರಿ ಒಂದು ಕಡತವನ್ನು ಇಮೇಲ್‌ನಲ್ಲಿ ಕಳಿಸಿ ಕೆಳಗೆ ಒಂದೇ ಸಾಲು ಬರೆದಿದ್ದರು: ‘ಪ್ಲೀಸ್ ಟೇಕ್ ಕೇರ್ ಆಫ್ ದಿಸ್.’ ಇವಳು ಅದನ್ನು ಇಳಿಸಿಕೊಂಡು, ಅದಕ್ಕೆಂದೇ ಒಂದು ಫೋಲ್ಡರ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿಯನ್ನೂ ಇಟ್ಟುಕೊಂಡು ನಿಶ್ಚಿಂತೆಯಿಂದ ಇದ್ದಳು. ಮೂರನೆಯ ದಿನ ‘ಆಯಿತೇ?’ ಎಂಬ ಪ್ರಶ್ನೆ ಬಂತು. ‘ಜೋಪಾನವಾಗಿದೆ ಸರ್’ ಎಂದಳಂತೆ. ಕಡತದಲ್ಲಿದ್ದ ಹದಿನಾಲ್ಕು ಬಿಲ್ಲುಗಳ ಲೆಕ್ಕವನ್ನು ತಾಳೆ ನೋಡಿ ಮುಗಿಸಿಕೊಡಬೇಕು ಎನ್ನುವುದು ಅವರ ಮಾತಿನ ಅರ್ಥವಾಗಿತ್ತು. ಸಂಜೆ ಬಂದವಳೇ, ‘ಚಿಕ್ಕಮ್ಮ, ಟೇಕ್ ಕೇರ್ ಎಂದರೆ ಜೋಪಾನ ಎಂದು ನೀನೇ ಅಲ್ಲವೇ ಹೇಳಿಕೊಟ್ಟದ್ದು?’ ಎಂದು ಕೇಳಿದಳು. ಕಣ್ಣಲ್ಲಿ ನೀರು ತುಂಬಿತ್ತು.

ನಾನೇ ಹೇಳಿಕೊಟ್ಟದ್ದು ಹೌದು. ಆದರೆ ಅದು ಅರ್ಥಗಳಲ್ಲಿ ಒಂದು ಮಾತ್ರ. ಎರಡೇ ಪದಗಳ ಈ ಮಾತು ಬೀಳ್ಕೊಡುತ್ತದೆ, ಎಚ್ಚರಿಸುತ್ತದೆ, ರೋಗಿಯ ಹಾಸಿಗೆಯ ಬಳಿ ಕೂರುತ್ತದೆ, ಹೋಟೆಲಿನ ಬಿಲ್ಲು ಕೊಡುತ್ತದೆ, ಕೆಲವೊಮ್ಮೆ ಬೆದರಿಸುತ್ತದೆ. ಅಂದು ರಾತ್ರಿ ಅವಳನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಇಂಗ್ಲಿಷ್ ಓದಿ ಕನ್ನಡದಲ್ಲಿ ಬರೆಯುವವರಿಗೂ, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಉತ್ತರಿಸುವವರಿಗೂ ಇದು ಕೆಲಸಕ್ಕೆ ಬರುತ್ತದೆ.

ಹೆಜ್ಜೆ 1: ಮಾತಿನ ಬಾಲ ನೋಡಿ

ನಿಘಂಟಿಗೆ ಕೈಹಾಕುವ ಮುಂಚೆ, ‘ಟೇಕ್ ಕೇರ್’ ಆದ ಮೇಲೆ ಏನು ಬಂದಿದೆ ಎಂದು ನೋಡಿ. ಏನೂ ಇಲ್ಲದೆ ಮಾತು ಅಲ್ಲೇ ನಿಂತಿದ್ದರೆ ಅದು ಬೀಳ್ಕೊಡುಗೆ, ಇಲ್ಲವೇ ಎಚ್ಚರಿಕೆ. ‘ಆಫ್’ ಬಂದಿದ್ದರೆ ಯಾರನ್ನೋ ಯಾವುದನ್ನೋ ನೋಡಿಕೊಳ್ಳುವ ಮಾತು. ‘ಟು’ ಬಂದಿದ್ದರೆ ಮರೆಯದೆ ಮಾಡಬೇಕಾದದ್ದು, ‘ನಾಟ್ ಟು’ ಬಂದಿದ್ದರೆ ಆಗದಂತೆ ತಡೆಯಬೇಕಾದದ್ದು. ‘ವಿತ್’ ಬಂದಿದ್ದರೆ ಕೈಯಲ್ಲಿರುವುದನ್ನು ನಾಜೂಕಾಗಿ ಬಳಸು ಎಂದು.

ನಡುವೆ ‘ಗುಡ್’, ‘ಗ್ರೇಟ್’, ‘ಮೋರ್’ ಸೇರಿಕೊಂಡರೆ ಅರ್ಥ ಬದಲಾಗುವುದಿಲ್ಲ, ತೂಕ ಮಾತ್ರ ಬದಲಾಗುತ್ತದೆ. ಉತ್ತರಪತ್ರಿಕೆಯ ಅಂಚಿನಲ್ಲಿ ಶಿಕ್ಷಕರು ‘ಟೇಕ್ ಮೋರ್ ಕೇರ್’ ಎಂದು ಬರೆದಿದ್ದರೆ ಅದರಲ್ಲಿ ಸಣ್ಣ ಗದರಿಕೆ ಇದೆ: ಗಮನವಿಟ್ಟು ಬರೆ.

ಹೆಜ್ಜೆ 2: ಬಾಲವಿಲ್ಲದಿದ್ದರೆ, ಯಾರು ಹೊರಟಿದ್ದಾರೆ ಎಂದು ಕೇಳಿಕೊಳ್ಳಿ

ಫೋನ್ ಇಡುವಾಗ, ಪತ್ರ ಮುಗಿಸುವಾಗ, ಗೇಟಿನ ಹತ್ತಿರ ನಿಂತು ಕೈಬೀಸುವಾಗ ಬರುವ ‘ಟೇಕ್ ಕೇರ್’ ವಿದಾಯದ ಮಾತು. ಅದನ್ನು ‘ಎಚ್ಚರಿಕೆ ವಹಿಸಿ’ ಎಂದು ಅನುವಾದಿಸಿದರೆ ಓದುವವರು ಮುಂದೇನೋ ಅಪಾಯ ಕಾದಿದೆ ಎಂದು ಬೆಚ್ಚುತ್ತಾರೆ. ಕನ್ನಡದಲ್ಲಿ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬರುತ್ತೇನೆ’ ಎನ್ನುತ್ತಾರೆ. ಉಳಿಯುವವರು ‘ಹುಷಾರಾಗಿ ಹೋಗಿ ಬಾ’ ಎನ್ನುತ್ತಾರೆ. ಇಂಗ್ಲಿಷಿನ ವಿದಾಯಕ್ಕೆ ಸರಿಸಾಟಿ ಅದೇ.

‘ಹುಷಾರು’ ಪಾರ್ಸಿಯಿಂದ ಬಂದ ಪದ. ನಮ್ಮಲ್ಲಿ ಅದು ಎರಡು ಕೆಲಸ ಮಾಡುತ್ತದೆ. ‘ಹುಷಾರು, ಮೆಟ್ಟಿಲಿದೆ’ ಎಂದರೆ ಎಚ್ಚರ. ‘ಅಮ್ಮನಿಗೆ ಹುಷಾರಿಲ್ಲ’ ಎಂದರೆ ಆರೋಗ್ಯ. ಬೀಳ್ಕೊಡುವಾಗಿನ ‘ಟೇಕ್ ಕೇರ್’ನಲ್ಲಿ ಇವೆರಡೂ ಬೆರೆತಿರುತ್ತವೆ: ದಾರಿಯಲ್ಲೂ ಜೋಪಾನ, ಮೈಯೂ ಜೋಪಾನ. ಹಾಗಾಗಿ ನನಗೆ ಈ ಜಾಗದಲ್ಲಿ ‘ಹುಷಾರು’ ಬಿಟ್ಟರೆ ಬೇರೆ ಪದ ಒಗ್ಗುವುದಿಲ್ಲ. ಹಿರಿಯರಿಗಾದರೆ ‘ಆರೋಗ್ಯ ನೋಡಿಕೊಳ್ಳಿ’. ಹಿರಿಯರೇ ಕಿರಿಯರಿಗೆ ಹೇಳುತ್ತಿದ್ದರೆ ‘ಚೆನ್ನಾಗಿರು’ ಎಂಬ ಹರಕೆಯೂ ಸಾಕು.

ಇಂಗ್ಲಿಷ್‌ನಲ್ಲಿ ಇದನ್ನು ಬಳಸುವಾಗ ಸಲಿಗೆಯ ಅಳತೆ ನೋಡಿಕೊಳ್ಳಿ. ಗೆಳೆಯರಿಗೆ, ಪರಿಚಿತ ಸಹೋದ್ಯೋಗಿಗಳಿಗೆ ಸರಿ. ಎಂದೂ ಕಾಣದ ಅಧಿಕಾರಿಗೆ ಬರೆಯುವ ಅರ್ಜಿಯ ಕೊನೆಗೆ ಸರಿಯಲ್ಲ. ಅಲ್ಲಿ ‘ರಿಗಾರ್ಡ್ಸ್’ ಬೇಕು. ಯಾರಾದರೂ ನಿಮಗೆ ಹೇಳಿದರೆ ‘ಯೂ ಟೂ’ ಎಂದರೆ ಮುಗಿಯಿತು. ಬರಿಯ ‘ಓಕೆ’ ಎಂದರೆ ಹರಕೆಯನ್ನು ಆಜ್ಞೆಯೆಂದು ತಿಳಿದಂತೆ ಕೇಳಿಸುತ್ತದೆ. ಕೊರೊನಾ ಬಂದ 2020ರಲ್ಲಿ ಇದೇ ಜಾಗಕ್ಕೆ ‘ಸ್ಟೇ ಸೇಫ್’ ಬಂದು ಕೂತಿತು. ಕಾಯಿಲೆಯವರಿಗೆ ‘ಗೆಟ್ ವೆಲ್ ಸೂನ್’ ಬೇರೆಯೇ ಇದೆ.

ದನಿ ಬಿರುಸಾದರೆ ಇದೇ ಮಾತು ಬೆದರಿಕೆ. ಆಗಲೂ ‘ಹುಷಾರ್!’ ಎನ್ನಬಹುದು.

ಹೆಜ್ಜೆ 3: ‘ಆಫ್’ ಬಂದರೆ, ಮುಂದಿರುವುದು ಜೀವವೋ ವಸ್ತುವೋ ಕೆಲಸವೋ ನೋಡಿ

ಎಲ್ಲರೂ ಎಡವುವುದು ಇಲ್ಲೇ, ಕನ್ನಡದ ಸಿರಿ ತೆರೆದುಕೊಳ್ಳುವುದೂ ಇಲ್ಲೇ. ಇಂಗ್ಲಿಷ್ ಎಲ್ಲದಕ್ಕೂ ಒಂದೇ ಮಾತು ಬಳಸುತ್ತದೆ. ಕನ್ನಡ ಯಾರನ್ನು, ಏನನ್ನು ಎಂದು ನೋಡಿ ಪದ ಕೊಡುತ್ತದೆ.

ಮಗುವನ್ನಾದರೆ ಸಾಕುತ್ತೇವೆ, ಸಲಹುತ್ತೇವೆ. ರೋಗಿಗೆ ಆರೈಕೆ, ಶುಶ್ರೂಷೆ. ಹೆತ್ತ ಹೆಣ್ಣಿಗೂ ಅವಳ ಕೂಸಿಗೂ ಬಾಣಂತನ. ಎಣ್ಣೆ ನೀರು, ಬಿಸಿ ನೀರಿನ ಹಂಡೆ, ಪಥ್ಯದ ಸಾರು, ಸಾಂಬ್ರಾಣಿ ಹೊಗೆ ಎಲ್ಲವನ್ನೂ ಒಳಗೊಂಡ ಆ ಪದವನ್ನು ಇಂಗ್ಲಿಷ್‌ನಲ್ಲಿ ಹೇಳಹೊರಟರೆ ಎರಡು ವಾಕ್ಯ ಬೇಕು. ಮನೆಗೆ ಬಂದ ಬೀಗರನ್ನು ಉಪಚರಿಸುತ್ತೇವೆ, ವಿಚಾರಿಸಿಕೊಳ್ಳುತ್ತೇವೆ. ಹಳೆಯ ಸೀರೆ, ತಾಮ್ರದ ಪಾತ್ರೆ, ಮನೆಪತ್ರಗಳನ್ನು ಜೋಪಾನ ಮಾಡುತ್ತೇವೆ, ಜತನವಾಗಿಡುತ್ತೇವೆ. ಈ ‘ಜತನ’ ಸಂಸ್ಕೃತದ ‘ಯತ್ನ’ದ ತದ್ಭವ, ಕಾಪಾಡಲು ಪ್ರಯತ್ನ ಬೇಕು ಎಂಬ ಅರಿವು ಪದದೊಳಗೇ ಇದೆ. ಕಾಮಗಾರಿಯನ್ನಾದರೆ ಉಸ್ತುವಾರಿ ನೋಡುತ್ತೇವೆ. ಪತ್ರಿಕೆಯವರು ಆಸ್ಪತ್ರೆಯ ‘ಐಸಿಯು’ಗೆ, ಎಂದರೆ ‘ಇಂಟೆನ್ಸಿವ್ ಕೇರ್ ಯೂನಿಟ್’ಗೆ, ‘ತೀವ್ರ ನಿಗಾ ಘಟಕ’ ಎಂದು ಕೊಟ್ಟರು. ಅಲ್ಲಿ ‘ಕೇರ್’ಗೆ ‘ನಿಗಾ’ ಬಂದಿರುವುದು ಸರಿಯಾಗಿದೆ: ಪಾರ್ಸಿಯ ‘ನಿಗಾಹ್’ ಎಂದರೆ ನೋಟ. ಕಣ್ಣು ಮಿಟುಕಿಸದೆ ನೋಡುತ್ತಿರಬೇಕಾದ ಜಾಗ ಅದು.

ವ್ಯತ್ಯಾಸ ಎಷ್ಟು ಸೂಕ್ಷ್ಮವೆಂದು ತೋರಿಸಲು ನಾನು ಯಾವಾಗಲೂ ಕೊಡುವ ಉದಾಹರಣೆ 1611ರ ಇಂಗ್ಲಿಷ್ ಬೈಬಲಿನದು. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ, ಜೆರುಸಲೇಮಿನಿಂದ ಯೆರಿಕೋಗೆ ಹೊರಟವನೊಬ್ಬನನ್ನು ಕಳ್ಳರು ಬಡಿದು ಅರೆಜೀವ ಮಾಡಿ ಹೋಗುತ್ತಾರೆ. ಇಬ್ಬರು ನೋಡಿಯೂ ನೋಡದಂತೆ ದಾಟಿಹೋಗುತ್ತಾರೆ. ಸಮಾರ್ಯದವನೊಬ್ಬ ಬಂದು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು, ಪಟ್ಟಿ ಕಟ್ಟಿ, ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ತರುತ್ತಾನೆ. ಅಲ್ಲಿ ಅವನು ಮಾಡಿದ್ದು ‘ಟುಕ್ ಕೇರ್ ಆಫ್ ಹಿಮ್’. ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು ಹೇಳುವುದೂ ‘ಟೇಕ್ ಕೇರ್ ಆಫ್ ಹಿಮ್’. ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎನ್ನುತ್ತಾನೆ. ಮೊದಲನೆಯದರಲ್ಲಿ ಅವನ ಕೈಗೇ ರಕ್ತ ಮೆತ್ತಿದೆ, ಅದು ಆರೈಕೆ. ಎರಡನೆಯದರಲ್ಲಿ ಹೊಣೆ ಇನ್ನೊಬ್ಬನ ಕೈಸೇರಿದೆ, ಹಣವೂ ಜೊತೆಗಿದೆ. ಅದು ‘ಇವನನ್ನು ನೋಡಿಕೋ’. ಎರಡೂ ಕಡೆ ಒಂದೇ ಕನ್ನಡ ಪದ ಹಾಕಿದರೆ ತಪ್ಪೇನಿಲ್ಲ, ಆದರೆ ಕತೆಯ ಒಂದು ಪದರ ಕಳೆದುಹೋಗುತ್ತದೆ.

ಇನ್ನು ಬೆದರಿಕೆ. ಅಪರಾಧದ ಕತೆಗಳಲ್ಲಿ ‘ಐ ವಿಲ್ ಟೇಕ್ ಕೇರ್ ಆಫ್ ಹಿಮ್’ ಎಂದು ಯಾರಾದರೂ ತಣ್ಣಗೆ ಹೇಳಿದರೆ, ಆ ‘ಹಿಮ್’ ಬಹಳ ದಿನ ಬದುಕುವುದಿಲ್ಲ. ಇದನ್ನು ಅನುವಾದಿಸಲು ಪರದಾಡಬೇಕಿಲ್ಲ. ‘ಅವನನ್ನು ನಾನು ನೋಡಿಕೊಳ್ಳುತ್ತೇನೆ’, ‘ಅವನನ್ನು ವಿಚಾರಿಸಿಕೊಳ್ಳುತ್ತೇನೆ’ ಎಂಬ ನಮ್ಮ ಮಾತುಗಳಿಗೂ ಇದೇ ಎರಡು ಮುಖ. ಬೀಗರನ್ನು ವಿಚಾರಿಸಿಕೊಳ್ಳುವ ಕ್ರಿಯಾಪದವೇ ಶತ್ರುವನ್ನೂ ವಿಚಾರಿಸಿಕೊಳ್ಳುತ್ತದೆ. ಯಾವುದು ಎಂದು ತಿಳಿಯಲು ಹೇಳುವವರ ಮುಖ ನೋಡಬೇಕು.

ಹೆಜ್ಜೆ 4: ಮುಂದಿರುವುದು ಕೆಲಸವಾದರೆ, ಅದು ಮುಗಿದಿದೆಯೇ ನೋಡಿ

ಅಕ್ಕನ ಮಗಳು ಬಿದ್ದ ಹಳ್ಳ ಇದು. ಕಚೇರಿಯಲ್ಲಿ ಕಡತ, ದೂರು, ಟಿಕೆಟ್, ಲೆಕ್ಕ ಯಾವುದೇ ಆಗಲಿ, ‘ಟೇಕ್ ಕೇರ್ ಆಫ್’ ಎಂದರೆ ‘ನೀನು ಹೊಣೆ ಹೊತ್ತು ಮುಗಿಸು’. ಅದೇ ‘ಹ್ಯಾಸ್ ಬೀನ್ ಟೇಕನ್ ಕೇರ್ ಆಫ್’ ಆದರೆ ಕೆಲಸ ಮುಗಿದಿದೆ. ದೂರು ಕೊಟ್ಟವರಿಗೆ ಈ ಉತ್ತರ ಬಂದಾಗ ‘ನಿಮ್ಮ ದೂರನ್ನು ಚೆನ್ನಾಗಿ ನೋಡಿಕೊಳ್ಳಲಾಗಿದೆ’ ಎಂದು ಅನುವಾದಿಸಿದ್ದನ್ನು ನಾನು ಕಂಡಿದ್ದೇನೆ. ದೂರನ್ನು ಚೆನ್ನಾಗಿ ನೋಡಿಕೊಂಡರೆ ಅದು ಬೆಳೆಯುತ್ತದೆ. ‘ನಿಮ್ಮ ದೂರು ಇತ್ಯರ್ಥವಾಗಿದೆ’ ಎನ್ನಬೇಕು.

ಹೋಟೆಲಿನಲ್ಲಿ ಊಟ ಮುಗಿಸಿ ಬಿಲ್ಲು ಕೇಳಿದಾಗ ‘ಅದು ಟೇಕನ್ ಕೇರ್ ಆಫ್’ ಎಂದರೆ ಯಾರೋ ಆಗಲೇ ಹಣ ಕೊಟ್ಟಿದ್ದಾರೆ ಎಂದು. ಜೇಬಿನಿಂದ ಕೈ ಹೊರಗೆ ತೆಗೆಯಿರಿ, ಯಾರು ಎಂದು ಕೇಳಿ ಧನ್ಯವಾದ ಹೇಳಿ.

‘ಟೇಕ್ ಕೇರ್ ಆಫ್ ಇಟ್‌ಸೆಲ್ಫ್’ ಎಂದರೆ ತಾನಾಗಿಯೇ ಆಗುತ್ತದೆ, ನೀನು ತಲೆಕೆಡಿಸಿಕೊಳ್ಳಬೇಡ. ಪೈಸೆಯನ್ನು ನೋಡಿಕೊಂಡರೆ ಪೌಂಡುಗಳು ತಮ್ಮನ್ನು ತಾವೇ ನೋಡಿಕೊಳ್ಳುತ್ತವೆ ಎಂಬ ಇಂಗ್ಲಿಷ್ ಗಾದೆಯಲ್ಲಿ ಈ ಮಾತು ಎರಡು ಸಲ, ಎರಡು ಅರ್ಥದಲ್ಲಿ ಬರುತ್ತದೆ. ಕನ್ನಡಕ್ಕೆ ತರುವಾಗ ಪದ ಹಿಡಿದು ಹೋಗದೆ ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎನ್ನಿ.

ಹೆಜ್ಜೆ 5: ‘ಟು’, ‘ನಾಟ್ ಟು’, ‘ದಟ್’ ಬಂದಾಗ ಎಚ್ಚರದ ಕಡೆ ತಿರುಗಿ

‘ಟೇಕ್ ಕೇರ್ ಟು ಲಾಕ್ ದಿ ಡೋರ್’ ಎಂದರೆ ‘ಬಾಗಿಲಿಗೆ ಬೀಗ ಹಾಕಲು ಮರೆಯಬೇಡ’. ‘ಟೇಕ್ ಕೇರ್ ನಾಟ್ ಟು ವೇಕ್ ದಿ ಬೇಬಿ’ ಎಂದರೆ ‘ಮಗು ಏಳದಂತೆ ನೋಡಿಕೋ’. ಈ ‘-ದಂತೆ ನೋಡಿಕೋ’ ಎಂಬ ಅಚ್ಚು ಬಹಳ ಉಪಯುಕ್ತ. ಹತ್ತರಲ್ಲಿ ಎಂಟು ಸಲ ಅದೇ ಸಾಕಾಗುತ್ತದೆ.

ಕಾನೂನಿನ ಬರಹದಲ್ಲಿ ಮಾತ್ರ ಪದ ತೂಗಿ ಹಾಕಬೇಕು. 1928ರ ಆಗಸ್ಟ್ 26ರಂದು ಸ್ಕಾಟ್ಲೆಂಡಿನ ಪೇಸ್ಲಿ ಊರಿನ ಕೆಫೆಯೊಂದರಲ್ಲಿ ಮೇ ಡೊನೊಹ್ಯೂ ಎಂಬಾಕೆ ಜಿಂಜರ್ ಬಿಯರ್ ಕುಡಿದರು. ಒಳಗಿರುವುದು ಕಾಣದಂಥ ಬಾಟಲಿ. ಉಳಿದದ್ದನ್ನು ಲೋಟಕ್ಕೆ ಸುರಿದಾಗ ಕೊಳೆತ ಬಸವನಹುಳು ಬಿತ್ತು, ಅದರಿಂದ ತನಗೆ ಕಾಯಿಲೆಯಾಯಿತು ಎಂಬುದು ಅವರ ದೂರು. ಪಾನೀಯಕ್ಕೆ ಹಣ ಕೊಟ್ಟವರು ಜೊತೆಗಿದ್ದವರು, ಹಾಗಾಗಿ ಒಪ್ಪಂದದ ಆಧಾರದಲ್ಲಿ ದಾವೆ ಹೂಡುವಂತಿರಲಿಲ್ಲ. ಅವರು ತಯಾರಕನ ಮೇಲೆಯೇ ದಾವೆ ಹೂಡಿದರು. 1932ರ ಮೇ 26ರಂದು, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಮೂರಕ್ಕೆ ಎರಡು ಮತಗಳಿಂದ, ತಯಾರಕನಿಗೆ ಗ್ರಾಹಕರ ಬಗ್ಗೆ ಹೊಣೆಯಿದೆ ಎಂದಿತು. ಅಲ್ಲಿ ನ್ಯಾಯಮೂರ್ತಿಗಳಲ್ಲೊಬ್ಬರಾದ ಲಾರ್ಡ್ ಅಟ್ಕಿನ್ ಇಟ್ಟ ನಿಯಮದ ತಿರುಳೂ ನಮ್ಮ ಈ ಮಾತೇ: ನೆರೆಯವನಿಗೆ ಹಾನಿಯಾಗಬಹುದೆಂದು ಮುಂಗಾಣಬಹುದಾದ ಕೆಲಸಗಳ ವಿಷಯದಲ್ಲಿ ‘ಟೇಕ್ ರೀಸನಬಲ್ ಕೇರ್’. ಹಾಗಾದರೆ ಕಾನೂನಿನ ಕಣ್ಣಿಗೆ ನನ್ನ ನೆರೆಯವನು ಯಾರು ಎಂದೂ ಅವರು ಕೇಳಿದರು. ಆ ಪ್ರಶ್ನೆ ಮೇಲೆ ಹೇಳಿದ ಸಮಾರ್ಯದವನ ಕತೆಗೆ ಮುನ್ನುಡಿಯಾಗಿ ಬರುವ ಪ್ರಶ್ನೆಯೇ.

ಇಲ್ಲಿ ‘ಕಾಳಜಿ’ ಎಂದು ಬರೆದರೆ ಕೆಡುತ್ತದೆ. ಕಾಳಜಿ ಮನಸ್ಸಿನ ಭಾವ, ಎಚ್ಚರ ನಡವಳಿಕೆ. ತಯಾರಕನಿಗೆ ಗ್ರಾಹಕರ ಮೇಲೆ ಎಷ್ಟು ಪ್ರೀತಿಯಿತ್ತು ಎಂಬುದನ್ನು ನ್ಯಾಯಾಲಯ ಅಳೆಯುವುದಿಲ್ಲ, ಬಾಟಲಿ ತೊಳೆಸಿದ್ದನೇ ಎಂದು ಕೇಳುತ್ತದೆ. ‘ತಕ್ಕ ಎಚ್ಚರ ವಹಿಸಬೇಕು’ ಎನ್ನಿ. ಅದರ ವಿರುದ್ಧಪದ ‘ನಿರ್ಲಕ್ಷ್ಯ’ವೂ ಆಗ ಸರಿಯಾಗಿ ಎದುರು ನಿಲ್ಲುತ್ತದೆ.

ಪದಗಳ ಬೇರು ನೋಡಿದರೂ ಈ ಭೇದ ಕಾಣುತ್ತದೆ. ‘ಕೇರ್’ನ ಹಳೆಯ ಇಂಗ್ಲಿಷ್ ರೂಪ ‘ಕಾರು’. ಅದರ ಅರ್ಥ ದುಃಖ, ಚಿಂತೆ. ಜರ್ಮನ್ನರು ಶುಭ ಶುಕ್ರವಾರವನ್ನು ‘ಕಾರ್‌ಫ್ರೈಟಾಗ್’, ಎಂದರೆ ಶೋಕದ ಶುಕ್ರವಾರ, ಎನ್ನುವುದರಲ್ಲಿ ಅದೇ ಬೇರಿದೆ. ಗುಣಪಡಿಸುವ ‘ಕ್ಯೂರ್’ ಮಾತ್ರ ಲ್ಯಾಟಿನ್ನಿನಿಂದ ಬಂದದ್ದು. ಕೇಳಲು ಹತ್ತಿರ, ನಂಟಿಲ್ಲ. ನಮ್ಮ ‘ಕಾಳಜಿ’ಯೂ ಚಿಂತೆಯ ಮನೆಯದೇ: ಮರಾಠಿಯಲ್ಲೂ ಉತ್ತರ ಕರ್ನಾಟಕದಲ್ಲೂ ‘ಕಾಳಜಿ ಮಾಡಬೇಡ’ ಎಂದರೆ ಚಿಂತಿಸಬೇಡ. ‘ಎಚ್ಚರ’, ‘ಜಾಗ್ರತೆ’ಗಳು ಬೇರೆ ಕಡೆಯಿಂದ ಬಂದವು, ಎರಡರ ಮೂಲಾರ್ಥವೂ ನಿದ್ದೆಯಿಲ್ಲದೆ ಇರುವುದು.

ಹೆಜ್ಜೆ 6: ‘ಟೇಕ್’ ಅನ್ನು ಬಿಡಿಯಾಗಿ ಅನುವಾದಿಸಬೇಡಿ

ಈಚೆಗೆ ಜಾಹೀರಾತುಗಳಲ್ಲಿ ‘ಚರ್ಮದ ಕಾಳಜಿಯನ್ನು ತೆಗೆದುಕೊಳ್ಳಿ’ ಎಂಬಂಥ ವಾಕ್ಯ ಕಾಣುತ್ತದೆ. ಮರಾಠಿಯಲ್ಲಿ ‘ಕಾಳಜೀ ಘೇ’ ಎನ್ನುವುದರಿಂದ ಗಡಿಭಾಗದವರ ಬಾಯಲ್ಲಿ ಕಾಳಜಿ ತೆಗೆದುಕೊಳ್ಳುವುದು ಸಹಜ, ಅದನ್ನು ತಿದ್ದಲು ನಾನು ಹೋಗುವುದಿಲ್ಲ. ಇಂಗ್ಲಿಷ್ ನೋಡಿ ಬರೆಯುವವರಿಗೆ ಮಾತ್ರ ಹೇಳುತ್ತೇನೆ: ಕನ್ನಡದಲ್ಲಿ ಕಾಳಜಿ, ಎಚ್ಚರಗಳನ್ನು ವಹಿಸುತ್ತೇವೆ, ಆರೈಕೆಯನ್ನು ಮಾಡುತ್ತೇವೆ, ನಿಗಾವನ್ನು ಇಡುತ್ತೇವೆ. ‘ತೆಗೆದುಕೊಳ್ಳು’ ಬೇಕೇಬೇಕು ಎನ್ನುವವರು ‘ನೋಡಿಕೊಳ್ಳು’ ಎಂಬುದರ ಕೊನೆ ನೋಡಲಿ. ಆ ‘ಕೊಳ್ಳು’ ಎಂದರೆ ತೆಗೆದುಕೊಳ್ಳುವುದೇ. ‘ನೋಡು’ ಎಂದರೆ ಕಣ್ಣಿನ ಕೆಲಸ. ‘ಕೊಳ್ಳು’ ಸೇರಿದೊಡನೆ ಹೊಣೆ ನಿಮ್ಮದಾಯಿತು.

ಹೆಜ್ಜೆ 7: ಇಂಗ್ಲಿಷ್‌ನಲ್ಲಿ ಉತ್ತರಿಸುವಾಗ ಸಮಾನಪದ ಆರಿಸಿ

ಮಕ್ಕಳು, ಮುದುಕರು, ಮನೆ, ಸಾಕುನಾಯಿ ಇವಕ್ಕೆ ‘ಲುಕ್ ಆಫ್ಟರ್’. ಬ್ರಿಟನ್ನಿನಲ್ಲಿ ಇದೇ ಹೆಚ್ಚು ಬಳಕೆ. ಸ್ವಲ್ಪ ಹೊತ್ತು ಮಗುವಿನ ಮೇಲೆ ಕಣ್ಣಿಡಲು ಅಲ್ಲಿ ‘ಮೈಂಡ್’ ಎಂದೂ ಹೇಳುತ್ತಾರೆ. ರೋಗಿಗೆ ‘ಕೇರ್ ಫಾರ್’, ‘ನರ್ಸ್’. ಗಾಯಕ್ಕೆ, ಕೈತೋಟಕ್ಕೆ ‘ಟೆಂಡ್’. ಎಚ್ಚರಕ್ಕೆ ‘ಬಿ ಕೇರ್‌ಫುಲ್’. ಹಿಂದಿನಿಂದ ಬೈಕ್ ಬರುತ್ತಿದ್ದರೆ ‘ವಾಚ್ ಔಟ್’ ಎಂದು ಕೂಗಬೇಕು, ಆ ಕ್ಷಣದಲ್ಲಿ ‘ಟೇಕ್ ಕೇರ್’ ಎಂದರೆ ತಡವಾಗುತ್ತದೆ.

ಕಚೇರಿಯ ಕೆಲಸಕ್ಕೆ ‘ಹ್ಯಾಂಡಲ್’, ‘ಡೀಲ್ ವಿತ್’, ‘ಸೀ ಟು’, ಔಪಚಾರಿಕವಾಗಿ ‘ಅಟೆಂಡ್ ಟು’. ಇವುಗಳಲ್ಲಿ ಯಾವುದೂ ಯಾವಾಗ ಮುಗಿಯುತ್ತದೆ ಎಂದು ಹೇಳುವುದಿಲ್ಲ. ಅಕ್ಕನ ಮಗಳಿಗೆ ನಾನು ಕಲಿಸಿದ್ದು ಇದು: ಯಾರಾದರೂ ‘ಟೇಕ್ ಕೇರ್ ಆಫ್ ದಿಸ್’ ಎಂದರೆ, ಏನು ಮಾಡುತ್ತೇನೆ, ಯಾವ ದಿನದೊಳಗೆ ಎಂದು ಒಂದು ಸಾಲು ಮರಳಿ ಬರೆ. ‘ಹದಿನಾಲ್ಕು ಬಿಲ್ಲುಗಳನ್ನೂ ತಾಳೆ ನೋಡಿ ಗುರುವಾರ ಸಂಜೆಯೊಳಗೆ ಕಳಿಸುತ್ತೇನೆ’ ಎಂದು ಅವಳು ಅಂದೇ ಬರೆದಿದ್ದರೆ ತಪ್ಪು ಆ ನಿಮಿಷವೇ ಬಯಲಾಗುತ್ತಿತ್ತು.

ಹೆಜ್ಜೆ 8: ನೆಂಟರಂತೆ ಕಾಣುವ ಪದಗಳನ್ನು ಬೇರ್ಪಡಿಸಿ

‘ವುಡ್ ಯೂ ಕೇರ್ ಫಾರ್ ಟೀ?’ ಎಂದರೆ ಚಹಾ ಬೇಕೇ ಎಂಬ ಪ್ರಶ್ನೆ, ಆರೈಕೆಯಲ್ಲ. ‘ಐ ಡೋಂಟ್ ಕೇರ್’ ಎಂದರೆ ‘ನನಗೇನು!’. ಕನ್ನಡಕ್ಕೆ ಬಂದ ‘ಕೇರ್ ಮಾಡು’ ಇಲ್ಲಿಂದಲೇ ಹುಟ್ಟಿದ್ದು. ‘ಅವನು ಯಾರನ್ನೂ ಕೇರ್ ಮಾಡುವುದಿಲ್ಲ’ ಎಂದರೆ ಯಾರನ್ನೂ ಲೆಕ್ಕಕ್ಕಿಡುವುದಿಲ್ಲ. ವಿಳಾಸದ ‘ಕೇರಾಫ್’ ಎಂದರೆ ಇಂಥವರ ಮೂಲಕ ತಲುಪಲಿ ಎಂದು. ಉತ್ತರ ಕರ್ನಾಟಕದ ‘ಮಾರ್ಫತ್’ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ‘ಕೇರ್‌ಟೇಕರ್’ ಬ್ರಿಟನ್ನಿನಲ್ಲಿ ಶಾಲೆಯನ್ನೋ ಕಟ್ಟಡವನ್ನೋ ನೋಡಿಕೊಳ್ಳುವವರು. ರೋಗಿಯ ಜೊತೆಗಿರುವವರು ಅಲ್ಲಿ ‘ಕೇರರ್’, ಅಮೆರಿಕದಲ್ಲಿ ‘ಕೇರ್‌ಗಿವರ್’. ಪತ್ರಿಕೆಯಲ್ಲಿ ‘ಕೇರ್‌ಟೇಕರ್’ ಮುಖ್ಯಮಂತ್ರಿ ಎಂದರೆ ಹಂಗಾಮಿ ಮುಖ್ಯಮಂತ್ರಿ.

ಒಂದನ್ನು ಮಾತ್ರ ಖಂಡಿತ ತಪ್ಪಿ ಓದಬೇಡಿ. ಬ್ರಿಟನ್ನಿನಲ್ಲಿ ಮಗುವೊಂದು ‘ಟೇಕನ್ ಇಂಟು ಕೇರ್’ ಎಂದರೆ, ಮನೆಯಲ್ಲಿ ಸುರಕ್ಷಿತವಲ್ಲವೆಂದು ಸ್ಥಳೀಯ ಆಡಳಿತ ಮಗುವನ್ನು ತನ್ನ ಪಾಲನೆಗೆ ಒಯ್ದಿದೆ ಎಂದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1989ರ ಮಕ್ಕಳ ಕಾಯ್ದೆಯಡಿ ನ್ಯಾಯಾಲಯ ಇಂಥ ಆದೇಶ ಕೊಡುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರು ಈ ಮಾತಿರುವ ಪತ್ರ ಕೈಗೆ ಬಂದರೆ ‘ಮಗುವನ್ನು ನೋಡಿಕೊಂಡರು’ ಎಂದು ತಿಳಿದು ಸುಮ್ಮನಿರದೆ ಆ ದಿನವೇ ವಕೀಲರ ಬಳಿ ಹೋಗಬೇಕು.

ಹೆಜ್ಜೆ 9: ಒಂದು ಪತ್ರ ಬಿಡಿಸಿ ನೋಡಿ

ಪರ ಊರಿಗೆ ಹೊರಟ ಗೆಳತಿ ತನ್ನ ಮನೆಯ ಕೀಲಿಯನ್ನು ನಿಮಗೆ ಕೊಟ್ಟು, ಮೇಜಿನ ಮೇಲೆ ಇಂಗ್ಲಿಷ್ ಚೀಟಿಯೊಂದನ್ನು ಬಿಟ್ಟಿದ್ದಾಳೆ ಎಂದುಕೊಳ್ಳಿ. ಆರು ಸಾಲು, ಆರರಲ್ಲೂ ಇದೇ ಮಾತು. ಮೊದಲ ಸಾಲಿನಲ್ಲಿ ತಂಗಿ ಅಮ್ಮನನ್ನು ‘ಟೇಕಿಂಗ್ ಕೇರ್ ಆಫ್’. ಅಮ್ಮ ಓಡಾಡಿಕೊಂಡಿದ್ದರೆ ‘ನೋಡಿಕೊಳ್ಳುತ್ತಿದ್ದಾಳೆ’, ಹಾಸಿಗೆ ಹಿಡಿದಿದ್ದರೆ ‘ಆರೈಕೆ ಮಾಡುತ್ತಿದ್ದಾಳೆ’. ಚೀಟಿಯಲ್ಲಿ ಬೇರೆ ಸುಳಿವು ಹುಡುಕಿ. ಎರಡನೆಯದರಲ್ಲಿ ಬಾಡಿಗೆ ‘ಹ್ಯಾಸ್ ಬೀನ್ ಟೇಕನ್ ಕೇರ್ ಆಫ್’: ಕಟ್ಟಿ ಆಗಿದೆ, ನೀವು ಕಟ್ಟಬೇಡಿ. ಮೂರನೆಯದು ಗಿಡಗಳು: ‘ದಿನಾ ನೀರು ಹಾಕು’ ಎಂದು ಕೆಲಸದ ಹೆಸರನ್ನೇ ಹೇಳಿದರೆ ಕನ್ನಡ ಸಲೀಸು. ನಾಲ್ಕನೆಯದು ‘ನಾಟ್ ಟು’ ಇರುವ ಸಾಲು: ಗ್ಯಾಸ್ ಸೋರದಂತೆ ನೋಡಿಕೋ. ಐದನೆಯದರಲ್ಲಿ ಉಳಿದದ್ದೆಲ್ಲ ‘ಟೇಕ್ ಕೇರ್ ಆಫ್ ಇಟ್‌ಸೆಲ್ಫ್’: ತಾನಾಗಿಯೇ ಆಗುತ್ತದೆ.

ಆರನೆಯ ಸಾಲಿನಲ್ಲಿ ಎರಡೇ ಪದ, ಕೆಳಗೆ ಅವಳ ಹೆಸರು. ಅಲ್ಲಿ ‘ಹುಷಾರು’ ಎಂದು ಬರೆದು ಪೆನ್ನು ಕೆಳಗಿಡಿ.